ಗೋಡೆಯಲ್ಲಿ ಮುಚ್ಚಿದ ದಾರಿ

ಹಳೆಯ ಕಟ್ಟಡಗಳನ್ನು ನೋಡಿ, ಯಾವುದನ್ನು ಹೇಗೆ ಉಳಿಸಬಹುದೆಂದು ವರದಿ ಬರೆಯುವುದು ನನ್ನ ಕೆಲಸ. ಗೋಡೆಗೆ ಕಿವಿಯಾನಿಸಿ ಮರದ ಕೊಡತಿಯಿಂದ ತಟ್ಟುತ್ತಾ ಹೋಗುವ ನನ್ನನ್ನು ಕಂಡು ಸೇಲಂನ ನಮ್ಮ ಮನೆಯವರೇ ನಗುತ್ತಾರೆ. ನಗಲಿ, ನನಗೇನು! ದೆವ್ವ ಭೂತ ಅಂದರೆ ಮಾತ್ರ ನನಗೆ ಮೈಯುರಿಯುತ್ತದೆ. ಹಳೇ ಮನೆಗೆ ಕಾಲಿಟ್ಟರೆ ಸಾಕು, ಯಾರಾದರೊಬ್ಬರು ಕತೆ ಶುರುಮಾಡುತ್ತಾರೆ. ಕತೆ ಆಮೇಲೆ, ಮೊದಲು ಏಣಿ ಕೊಡಿ ಎಂದು ಗದರಿಬಿಡುತ್ತೇನೆ.

ತೊಪ್ಪೂರು ಘಾಟಿಯ ಕೆಳಗಿನ ಆ ಮನೆಗೂ ಹಾಗೇ ಹೋದೆ. ಮೇಚೇರಿ ಸಂತೆಗೆ ಕುರಿ ಹೊಡೆದುಕೊಂಡು ಹೋಗುವವರು ಒಂದು ಕಾಲದಲ್ಲಿ ಅದರ ಜಗಲಿಯಲ್ಲಿ ತಂಗುತ್ತಿದ್ದರಂತೆ. ದಪ್ಪ ಗೋಡೆ, ಗಾರೆ ನೆಲ, ಈಗಲೂ ಮನೆ ತುಂಬ ಜನ. ಸುತ್ತೆಲ್ಲ ತಮಿಳಾದರೂ ಮನೆಯೊಳಗೆ ನಮ್ಮ ಹಾಗೇ ಕನ್ನಡ. ಯಜಮಾನರು ನನ್ನ ಅಪ್ಪನ ವಯಸ್ಸಿನವರು. "ಯವ್ವಾ, ಮೇಡಂ ನಮ್ ಬಾಸೆ ಆಡ್ತಾರೆ ಕಣವ್ವಾ" ಎಂದು ಒಳಗಿದ್ದ ತಾಯಿಯನ್ನು ಕೂಗಿದರು. ಅಜ್ಜಿ ಬಂದು ನನ್ನ ಗಲ್ಲ ಹಿಡಿದು, "ಯಾವೂರು ಮಗ ನೀನು? ಮನೇಲಿ ಕುರಿ ಐತಾ?" ಅಂದಳು. ಐತೆ ಅಂದೆ. ಅಷ್ಟಕ್ಕೇ ನಾನು ಮನೆಯವಳಾಗಿಬಿಟ್ಟೆ.

ಹಿಂದಿನ ಕೋಣೆಯ ಗೋಡೆ ಉಬ್ಬಿತ್ತು. ತಟ್ಟಿದರೆ ಬಾಗಿಲಗಲದಷ್ಟು ಜಾಗ ಮಾತ್ರ ಟೊಳ್ಳು ಸದ್ದು. ಸುತ್ತಲೂ ಸುಣ್ಣದ ಗಾರೆ, ಅಲ್ಲಿ ಬರೀ ಮಣ್ಣು, ಒಡಕು ಇಟ್ಟಿಗೆ. ನೀರು ಅಲ್ಲಿಂದಲೇ ಇಳಿದು ಇಡೀ ಗೋಡೆಯನ್ನು ತಿನ್ನುತ್ತಿತ್ತು. "ಯಾವ ಪುಣ್ಯಾತ್ಮ ಹಿಂಗೆ ಮುಚ್ಚಿದ್ದು? ಬಿಚ್ಚಿ ನೋಡ್ಬೇಕು" ಎಂದೆ. ಯಜಮಾನರು ಗೋಡೆಗೆ ಅಡ್ಡ ಬಂದು ನಿಂತರು. "ಅಯ್ಯೋ, ವೇಂಡಾ ಮೇಡಂ. ಅದ್ನ ಮುಟ್ಬ್ಯಾಡಿ."

ನನಗೆ ತಕ್ಷಣ ತಿಳಿಯಿತು. ಕೆಟ್ಟ ನಕ್ಷತ್ರದಲ್ಲಿ ಸತ್ತವರನ್ನು ನಮ್ಮ ಕಡೆ ಬಾಗಿಲಿನಿಂದ ಒಯ್ಯುತ್ತಿರಲಿಲ್ಲ. ಗೋಡೆ ಒಡೆದು, ಹೆಣವನ್ನು ಅಲ್ಲಿಂದ ಸಾಗಿಸಿ, ಜನ ಮಸಣದಿಂದ ಮರಳುವಷ್ಟರಲ್ಲಿ ಮುಚ್ಚಿಬಿಡುತ್ತಿದ್ದರು. ಹೋದವರು ತಿರುಗಿ ಬಂದರೆ ದಾರಿ ಸಿಗಬಾರದು. ಗಾರೆ ಅರೆಯಲು ಪುರುಸೊತ್ತೆಲ್ಲಿ? ಕೈಗೆ ಸಿಕ್ಕ ಮಣ್ಣು ಮೆತ್ತುವುದು. ಕೇಳಿದರೆ ಹಾಗೇ ಆಗಿತ್ತು. ಯಜಮಾನರ ಅಕ್ಕ, ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು, ಆ ಕೋಣೆಯಲ್ಲೇ ಸತ್ತಿದ್ದಳು. "ಬಿಚ್ಚಿದ್ರೆ ಒಳೀಕ್ ಬಂದ್ಬುಡ್ತಾಳೆ ಮೇಡಂ" ಎಂದರು.

ನನಗೆ ರೇಗಿತು. ಗೋಡೆ ಬಿದ್ದರೆ ಬದುಕಿರುವವರ ಗತಿಯೇನು ಎಂದು ಜಗಳಕ್ಕೇ ನಿಂತೆ. ಅಷ್ಟರಲ್ಲಿ ಬಾಗಿಲ ಹತ್ತಿರ ಕೂತಿದ್ದ ಅಜ್ಜಿ, "ಬಿಚ್ಚ್ಲಿ ಬುಡ್ಲಾ" ಅಂದಳು.

"ನೀ ಸುಮ್ಕಿರವ್ವ."

"ನಿಮ್ಮಪ್ಪ ಮುಚ್ದಾಗ್ಲೂ ಸುಮ್ಕೇ ಇದ್ದೆ ಕಣ್ಲಾ. ನನ್ ಮಗ್ಳೇನ್ ಕಳ್ಳೀನಾ, ದಾರಿ ಮುಚ್ಚಾಕೆ?"

 ಕೊನೆಗೆ ಯಜಮಾನರು ಒಂದು ಮಾತಿಗೆ ಒಪ್ಪಿದರು. ನನಗೆ ನೋಡಲು ಬೇಕಾದಷ್ಟು ಮಾತ್ರ ಬಿಚ್ಚಬೇಕು, ದೀಪ ಹಚ್ಚುವ ಮುಂಚೆ ಗಾರೆ ಹಾಕಿ ಮುಚ್ಚಬೇಕು.

ಮರುದಿನ ಮೇಸ್ತ್ರಿ ಇಟ್ಟಿಗೆಗಳನ್ನು ಎಳೆದ. ಒಬ್ಬರು ಬಗ್ಗಿ ನುಸುಳುವಷ್ಟು ಕಂಡಿಯಾಯಿತು. ಒಳಗಿನ ಮಣ್ಣಿನ ಮೇಲೆ ಬೆರಳುಗಳ ಗುರುತು ಹಾಗೇ ಒಣಗಿ ನಿಂತಿತ್ತು, ಗಡಿಬಿಡಿಯಲ್ಲಿ ಮೆತ್ತಿದವರದು. ಅಳತೆ ಹಿಡಿಯಲು ಕೈ ಇಟ್ಟವಳು ಸರಕ್ಕನೆ ಹಿಂದಕ್ಕೆಳೆದುಕೊಂಡೆ. ಆ ಬೆರಳುಗಳು ಹೊರಗೆ ನಿಂತ ಯಾರನ್ನೋ ಇನ್ನೂ ತಳ್ಳುತ್ತಿವೆ ಅನ್ನಿಸಿತು. ಹೆದರಿದೆ, ನಿಜವಾಗಿಯೂ ಹೆದರಿದೆ.

ಮನೆಯವರೆಲ್ಲ ಜಗಲಿಗೆ ಹೋಗಿ ಕೂತರು, ಒಬ್ಬರೂ ಒಳಗೆ ಇಣುಕಲಿಲ್ಲ. ಅಜ್ಜಿ ಮಾತ್ರ ತಲೆಗೆ ನೀರು ಹಾಕಿಕೊಂಡು ಬಂದು, ಕಂಡಿಯ ಎದುರು ಚಾಪೆ ಹಾಸಿ ಕೂತಳು. ಊಟಕ್ಕೂ ಏಳಲಿಲ್ಲ. ಹೊರಗಿನ ಗಾಳಿ ಬಂದು ಮುಖಕ್ಕೆ ತಾಕಿದಾಗಲೆಲ್ಲ ಕತ್ತೆತ್ತುತ್ತಿದ್ದಳು. ನಾನು ಅಳೆದದ್ದನ್ನೇ ಮತ್ತೆ ಮತ್ತೆ ಅಳೆಯುತ್ತಿದ್ದೆ.

ಹೊತ್ತು ಇಳಿಯಿತು. "ಮೇಡಂ, ಟೈಮಾಯ್ತು" ಎಂದು ಜಗಲಿಯಿಂದ ಯಜಮಾನರು ಕೂಗಿದರು. ಮೇಸ್ತ್ರಿ ಗಾರೆ ತಂದಿಟ್ಟು ಕರಣೆ ಎತ್ತಿಕೊಂಡ. ಅಜ್ಜಿ ನನ್ನ ಮುಂಗೈ ಹಿಡಿದಳು.

"ನಂಗೆ ಕಣ್ಣು ಮಂಜು ಮಗ. ನೀನೇ ನೋಡಿ ಹೇಳು. ಬಂದ್ಳಾ?"

ಖಾಲಿ ಕೋಣೆ. ಸುಳ್ಳು ಹೇಳಬೇಕೆಂದು ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂದುಬಿಟ್ಟಿತು. "ಬಂದ್ಳು ಕಣಜ್ಜಿ."

"ಎಲ್ಲಿ ಅವ್ಳೆ?"

"ನಿನ್ ಪಕ್ಕದಲ್ಲೇ."

ಅಜ್ಜಿ ಸರಿದು ಚಾಪೆಯಲ್ಲಿ ಜಾಗ ಬಿಟ್ಟಳು. ಆ ಜಾಗವನ್ನು ಕೈಯಿಂದ ಸವರಿದಳು, ಇನ್ನೊಮ್ಮೆ ಸವರಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಒಬ್ಳೇ ಬಂದ್ಳಾ? ಕೂಸೆಲ್ಲಿ?"

ನಾನು ಮೇಸ್ತ್ರಿಯ ಕೈಯಿಂದ ಕರಣೆ ಕಿತ್ತುಕೊಂಡು, ಇನ್ನೂ ಸ್ವಲ್ಪ ಹೊತ್ತು ತಡಿಯಪ್ಪಾ ಎಂದೆ.