ನೀಮಾ ಹೇಳದೆ ಹೋಗಬೇಕಿತ್ತು

ಪ್ರಭಾ ಯಾರನ್ನಾದರೂ ಕಳಿಸಿಕೊಡುವುದೆಂದರೆ ಅದು ಹಂತ ಹಂತವಾಗಿ ನಡೆಯುವ ಕೆಲಸ. ಹೊಸ್ತಿಲಲ್ಲಿ ಒಮ್ಮೆ ಮುಗಿದ ಮಾತು ಲಿಫ್ಟಿನ ಮುಂದೆ ಮತ್ತೆ ಶುರುವಾಗುತ್ತದೆ. ಕೆಳಗೆ ಗೇಟಿನ ಹತ್ತಿರ ಊರಿನ ಸುದ್ದಿಯೆಲ್ಲ ಬರುತ್ತದೆ. ರಿಕ್ಷಾ ಹೊರಟ ಮೇಲೂ ಹೇಳುವುದೊಂದು ಉಳಿದಿರುತ್ತದೆ. ಅವಳ ದೆಸೆಯಿಂದ ಐರೋಲಿಯಲ್ಲಿ ಠಾಣೆ ಲೋಕಲ್ ರೈಲು ತಪ್ಪಿಸಿಕೊಂಡ ನೆಂಟರು ಬೇಕಾದಷ್ಟಿದ್ದಾರೆ. ಐಟಿ ಪಾರ್ಕಿನ ಎದುರು ಸಣ್ಣ ಹೋಟೆಲು ನಡೆಸುವ ಅವಳ ಗಂಡ ಯಜ್ಞೇಶ್ವರ, "ಇವಳು ಬೀಳ್ಕೊಟ್ಟು ಮುಗಿಸುವಾಗ ಹೋದವರು ತಿರುಗಿ ಬರುವ ಹೊತ್ತಾಗ್ತದೆ" ಎಂದು ಗಿರಾಕಿಗಳ ಎದುರೇ ಹೇಳುತ್ತಾನೆ.

ಒಂದು ಸೆಮಿಸ್ಟರ್ ಓದಲೆಂದು ತಾಂಜಾನಿಯಾದಿಂದ ನವಿ ಮುಂಬೈಗೆ ಬಂದಿದ್ದ ನೀಮಾ ಇವರ ಒಳಕೋಣೆಯಲ್ಲಿ ಬಾಡಿಗೆಗೆ ಇದ್ದಳು. ಬಾಡಿಗೆಯ ಮಾತು ಮೊದಲ ತಿಂಗಳಷ್ಟೇ. ಆಮೇಲೆ ಅವಳು ಕೋಣೆಯಲ್ಲಿ ಕೂತು ಓದಿದ್ದಕ್ಕಿಂತ ಅಡುಗೆಮನೆಯ ಕಟ್ಟೆ ಹತ್ತಿ ಕೂತು ಓದಿದ್ದೇ ಹೆಚ್ಚು. ಪ್ರಭಾಳ ಹಿಂದಿ ಹೋಟೆಲಿನದು, ನೀಮಾಳದು ಕ್ಯಾಂಟೀನಿನದು. ಎರಡೂ ಸೇರಿ ಹೇಗೋ ಸಂಸಾರ ನಡೆದಿತ್ತು.

ನೀಮಾ ಹೊರಡುವ ವಾರವೇ ಕುಂದಾಪುರದಲ್ಲಿ ಯಜ್ಞೇಶ್ವರನ ಅಣ್ಣ ತೀರಿಕೊಂಡರು. ಗಂಡ ಹೊರಟಾಗ ಪ್ರಭಾ ಹೋಗಲಿಲ್ಲ. "ಹುಡುಗಿಯನ್ನು ಕಳಿಸಿ ಬರ್ತೇನೆ" ಎಂದಳು. ಕಳಿಸಲೆಂದೇ ನಿಂತವಳಿಗೆ, ತಾನು ಕಳಿಸುವ ಹಾಗಿಲ್ಲ ಎಂಬುದು ಹೊಳೆದದ್ದು ಗಂಡ ಊರು ಮುಟ್ಟಿದ ಮೇಲೆ.

ಸೂತಕದ ಮನೆಯಿಂದ ಹೊರಡುವವರು ಹೇಳಿ ಹೋಗಬಾರದು. ಮನೆಯವರು ಬಾಗಿಲಿನವರೆಗೂ ಬರಬಾರದು, 'ಮತ್ತೆ ಬನ್ನಿ' ಎನ್ನಲೇಬಾರದು. ಹಾಗೆ ಅಂದರೆ ಇನ್ನೊಂದು ಸಾವಿಗೆ ಕರೆದಂತೆ. ಪ್ರಭಾ ಇದನ್ನು ಯಾರಿಂದಲೂ ಕಲಿತದ್ದಲ್ಲ. ಬೆಂಕಿ ಮುಟ್ಟಬಾರದು ಎಂಬಷ್ಟೇ ಸಹಜವಾಗಿ ಅವಳಿಗೆ ಗೊತ್ತಿತ್ತು.

ನೀಮಾಗೆ ಸಾವಿನ ಸುದ್ದಿ ತಿಳಿದಿತ್ತು. ಈ ಕಟ್ಟಳೆ ತಿಳಿದಿರಲಿಲ್ಲ. "ಕಲ್ ಗೇಟ್ ತಕ್ ಆವೋಗೇ ನಾ, ಆಂಟಿ?" ಎಂದು, ನಾಳೆ ಗೇಟಿನವರೆಗೆ ಬರ್ತೀರಲ್ಲ ಎಂದು ಹಿಂದಿನ ದಿನ ಕೇಳಿದಳು. ಪ್ರಭಾ ಅಕ್ಕಿ ಆರಿಸುತ್ತ, ನೋಡೋಣ ಎಂಬಂತೆ, "ದೇಖೇಂಗೆ" ಎಂದಳು.

ಎದುರು ಮನೆಯ ಗಿರಿಜವ್ವ ಬಾಗಲಕೋಟೆ ಕಡೆಯವಳು. ಬೆಳಿಗ್ಗೆ ಪ್ರಭಾ ಅವಳ ಬಾಗಿಲು ತಟ್ಟಿದಳು. "ನೀವೇ ಅವಳಿಗೆ ಕುಂಕುಮ ಇಟ್ಟು ಕೆಳಗೆ ಬಿಟ್ಟು ಬನ್ನಿ."

"ನಾ ಬಿಡ್ತೀನ್ರಿ, ಅದೇನ ದೊಡ್ಡದು. ಖರೇ, ನಮ್ಮೊಳಗ ಸೂತಕ ಗೀತಕ ಇಲ್ಲ. ನೀವೂ ಬರ್ರಿ. ಸೂತಕಕ್ಕ ವಿಮಾನದಾಗ ಟಿಕೀಟ್ ಯಾರ ಕೊಡ್ತಾರ?"

"ನಿಮಗಿಲ್ಲ, ನಮಗುಂಟಲ್ಲ ಮಾರಾಯ್ರೆ."

"ಹಂಗಾರ ತಿಳಿಸಿ ಹೇಳ್ರಿ ಆಕಿಗೆ."

"ಏನಂತ ಹೇಳುದು? ನಾನು ಬಾಗಿಲಿಗೆ ಬಂದ್ರೆ ದಾರಿಯಲ್ಲಿ ನಿನಗೆ ಕೆಟ್ಟದಾದೀತು ಅಂತ? ಹೊರಟು ನಿಂತ ಹುಡುಗಿಗೆ?"

ಗಿರಿಜವ್ವ ಕುಂಕುಮದ ಭರಣಿ ತರಲು ಒಳಗೆ ಹೋದಳು.

ಟ್ಯಾಕ್ಸಿ ಬಂತು. ಗಿರಿಜವ್ವ ತನ್ನ ಬಾಗಿಲಲ್ಲಿ ನೀಮಾಳ ಹಣೆಗೆ ಕುಂಕುಮ ಇಟ್ಟಳು, ಮಲ್ಲಿಗೆ ಮುಡಿಸಿದಳು. ನೀಮಾ ನಗುತ್ತ ತಿರುಗಿ, ಪ್ರಭಾಳ ಬಾಗಿಲಿಗೆ ಬಂದು ನಿಂತಳು. ಪ್ರಭಾ ಹಾಲ್‌ನ ನಡುವೆ ಇದ್ದಳು. ಇನ್ನು ಕೆಲವೇ ಹೆಜ್ಜೆ. ಹುಡುಗಿ "ಆಂಟಿ" ಎಂದು ಕೈ ಚಾಚಿದೊಡನೆ, ಬಾಯಿಂದ ಏನಾದರೂ ಹೊರಟೀತೆಂಬ ಹೆದರಿಕೆಗೆ ಪ್ರಭಾ ಬೆನ್ನು ಹಾಕಿ ಅಡುಗೆಮನೆಗೆ ನಡೆದುಬಿಟ್ಟಳು. ನಲ್ಲಿ ತಿರುಗಿಸಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಅಡುಗೆಮನೆಯ ಕಿಟಕಿಯಿಂದ ಕಾಣುವುದು ಖಾಡಿಯ ಹಿನ್ನೀರಿನ ಮೇಲಿನ ಸೇತುವೆ. ಗೇಟು ಇನ್ನೊಂದು ಬದಿಗೆ. ನೀರಿನ ಸದ್ದಿನ ನಡುವೆ ಚಪ್ಪಲಿಯ ಸದ್ದಿಗಾಗಿ ಕಿವಿಗೊಟ್ಟಳು. ಅದು ಬಹಳ ಹೊತ್ತು ಕೇಳಲಿಲ್ಲ. ಹುಡುಗಿ ಅಲ್ಲೇ ಕಾಯುತ್ತಿದ್ದಳು. ಕೊನೆಗೆ ಲಿಫ್ಟಿನ ಬಾಗಿಲು ಎಳೆದುಕೊಂಡ ಶಬ್ದ ಬಂತು.

ಗಿರಿಜವ್ವ ಮೇಲೆ ಬಂದು ಕುರ್ಚಿಯಲ್ಲಿ ಕೂತಳು.

"ಏನಂದಳು?"

"ಆಂಟಿ ಸಿಟ್ಟಾಗ್ಯಾರೇನು, ನಾ ಏನರ ತಪ್ಪ ಮಾಡೀನೇನು ಅಂತ ಕೇಳಿದ್ಲು."

"ನೀವು?"

"ನನ್ನ ಹಿಂದಿ ನಿಮಗ ಗೊತ್ತದಲ್ರಿ. ನಹೀ ನಹೀ ಅಂದೆ. ಆಕಿ ನಂಬಲಿಲ್ಲ."

ಪ್ರಭಾ ಫೋನು ಕೈಗೆತ್ತಿಕೊಂಡಳು. ಫೋನಿನಲ್ಲಿ ಹೇಳುವುದೂ ಹೇಳಿದಂತೆಯೇ ಅಲ್ಲವೇ? ಅವಳಿನ್ನೂ ದಾರಿಯಲ್ಲಿದ್ದಾಳೆ. ಗಂಡನನ್ನು ಕೇಳೋಣವೆಂದರೆ ಅವನು ಕ್ರಿಯೆಗೆ ಕೂತಿದ್ದ. ಫೋನನ್ನು ಮೇಜಿನ ಮೇಲೆ ಮಗುಚಿಟ್ಟಳು.

ಸೂತಕ ಕಳೆದ ದಿನವೇ ಪ್ರಭಾ ಕರೆ ಮಾಡಿದಳು. ಏನು ಹೇಳಬೇಕೆಂದು ಹಿಂದಿಯಲ್ಲಿ ಹಲವು ಸಲ ಹೊಂದಿಸಿಕೊಂಡಿದ್ದಳು. ನಮ್ಮಲ್ಲಿ ಹೀಗೆ, ಸಾವಾದ ಮನೆಯಲ್ಲಿ ಹೀಗೆ, ನಿನ್ನ ಒಳ್ಳೆಯದಕ್ಕೇ ಹೀಗೆ, ಎಂದೆಲ್ಲ ಒಂದನ್ನೂ ಬಿಡದೆ ಹೇಳಿದಳು. ಆ ಕಡೆ ಅವಳ ಮನೆಯವರ ನಗು, ಯಾವುದೋ ಭಾಷೆಯ ಮಾತು ಕೇಳುತ್ತಿತ್ತು.

"ಕೋಯೀ ಬಾತ್ ನಹೀ, ಆಂಟಿ," ಎಂದಳು ನೀಮಾ. "ಥ್ಯಾಂಕ್ಯೂ. ರೂಮ್ ಬಹುತ್ ಅಚ್ಛಾ ಥಾ."

ಪರವಾಗಿಲ್ಲ, ಕೋಣೆ ಚೆನ್ನಾಗಿತ್ತು ಎಂದು ಬಾಡಿಗೆ ಮನೆ ಬಿಟ್ಟು ಹೋದವರು ಮನೆಯ ಮಾಲಕಿಯೊಡನೆ ಆಡುವ ಮಾತು ಅದು. ಅದರಲ್ಲಿ ಕುಂದೇನೂ ಇರಲಿಲ್ಲ. ಪ್ರಭಾ "ಅಚ್ಛಾ" ಎಂದಳು. ಈಗ 'ಮತ್ತೆ ಬಾ' ಎಂದು ಕೂಡ, ಏನು ಬೇಕಾದರೂ ಹೇಳಬಹುದಿತ್ತು.