ಮಾಸುಮಬಿಯ ಹನ್ನೊಂದು ತೊಗರಿ ಗಿಡ

ಐನಾಪುರದ ಹೊಲಗಳ ಮೇಲೆ ಇನ್ನೂ ಮಂಜು. ಸೂರ್ಯ ಮೂಡುವ ಮೊದಲೇ ಮಾಸುಮಬಿ ಸೆರಗು ಸೊಂಟಕ್ಕೆ ಸಿಕ್ಕಿಸಿ ತೊಗರಿ ಸಾಲಿಗೆ ಇಳಿದಿದ್ದಾರೆ. ಒಂದೊಂದೇ ಗಿಡದ ಬುಡ ಮುಟ್ಟಿ ನೋಡಿ, ಗಟ್ಟಿಯಾಗಿ ನಿಂತದ್ದಕ್ಕೆ ಹಳೆ ಸೀರೆಯ ಚಿಂದಿ ಕಟ್ಟುತ್ತಾರೆ. ಚಿಂದಿ ಕಟ್ಟಿದ ಗಿಡದ ಕಾಯಿ ಬೀಜಕ್ಕೆ, ಉಳಿದದ್ದು ಮಾರಾಟಕ್ಕೆ.

ಐವತ್ತಾರರ ಮಾಸುಮಬಿಗೆ ಇರುವುದು ಮೂರು ಎಕರೆ. ಆರು ವರ್ಷದ ಹಿಂದೆ ಕಾಯಿ ಕಟ್ಟುವ ಹೊತ್ತಿಗೆ ನೆಟೆ ರೋಗ ಬಂದು ಒಂದು ಮೂಲೆಯ ತೊಗರಿಯೆಲ್ಲ ನಿಂತಲ್ಲೇ ಒಣಗಿತು. ಪತಿ ಬಾಬುಮಿಯಾ ಕಿತ್ತುಹಾಕಲು ಹೊರಟಾಗ ಆಕೆ ತಡೆದರು. ಒಣಗಿದ್ದರ ನಡುವೆ ಹನ್ನೊಂದು ಗಿಡ ಹಸಿರಾಗಿದ್ದವು.

“ಅದೇ ಮಣ್ಣು, ಅದೇ ರೋಗ. ಇವ್ ಹ್ಯಾಂಗ ಉಳದ್ವು? ಅದೇ ವಿಚಾರ ತಲ್ಯಾಗ ಹೊಕ್ತು ನೋಡ್ರಿ.”

ಮರುವರ್ಷ ಆ ಹನ್ನೊಂದು ಗಿಡದ ಬೀಜವನ್ನು ರೋಗ ಬಿದ್ದ ಮೂಲೆಯಲ್ಲೇ ನಾಲ್ಕು ಸಾಲು ಬಿತ್ತಿದರು. ಉಳಿದ ಹೊಲದಲ್ಲಿ ಎಂದಿನಂತೆ ತೊಗರಿ, ಹೆಸರು, ಜೋಳ. “ಮೂರೂ ಎಕರೆ ಬಿತ್ತಿ ಕೈ ಸುಟ್ಕೊಂಡ್ರ ಉಣ್ಲಿಕ್ಕೇನ್ರಿ? ನಾಕು ಸಾಲು ಹೋದ್ರ ತಡಕೋತೀವಿ.” ಅರ್ಧಕ್ಕರ್ಧ ಗಿಡ ಸತ್ತವು. ಬದುಕಿದವುಗಳಿಂದ ಮತ್ತೆ ಬೀಜ ತೆಗೆದರು.

ಮೂರನೆಯ ವರ್ಷ ಮಳೆ ಕೈಕೊಟ್ಟು ಮನೆಯಲ್ಲಿ ಬೇಳೆ ಮುಗಿಯಿತು. ಮಗಳು ಜಬೀನಾಳ ಬೀಗರು ಬಂದ ದಿನ ಬಾಬುಮಿಯಾ ಬೀಜದ ಗಡಿಗೆಗೆ ಕೈಹಾಕಿದರು.

“ಒಂದ್ ಸೇರು ತಗೊಂಡ್ರ ಏನಾಗ್ತದ?”

“ಇದನ್ನ ಕುದಿಸಿದ್ರ ಮೂರು ವರ್ಷ ಕುದಿಸಿದಂಗ ಆಗ್ತದ್ರಿ,” ಎಂದು ಮಾಸುಮಬಿ ಗಡಿಗೆ ಮುಚ್ಚಿದರು.

ಬೀಗರಿಗೆ ಅಂದು ರೊಟ್ಟಿ, ಬದನೆಕಾಯಿ ಪಲ್ಯ. ಬಾಬುಮಿಯಾ ಎರಡು ದಿನ ಮಾತು ಬಿಟ್ಟರು. ಈಗ ಅದನ್ನು ಅವರೇ ನಗುತ್ತಾ ಹೇಳುತ್ತಾರೆ.

ಹೋದ ವರ್ಷ ಊರ ತುಂಬ ನೆಟೆ ರೋಗ. ಅಷ್ಟರಲ್ಲಿ ಎರಡು ಎಕರೆಗೆ ಹಬ್ಬಿದ್ದ ಮಾಸುಮಬಿಯ ತೊಗರಿ ಮಾತ್ರ ಅಲ್ಲೊಂದು ಇಲ್ಲೊಂದು ಬಿಟ್ಟರೆ ಹಸಿರಾಗಿಯೇ ನಿಂತಿತು. ಎಕರೆಗೆ ಐದು ಚೀಲ ಬಂತು.

ಪಕ್ಕದ ಹೊಲದ ಸಂಗಮೇಶ್ವರ, “ಗಿಡಕ್ಕ ತಾಯತ ಕಟ್ಟೀರೇನು?” ಎಂದು ಹಿಂದೊಮ್ಮೆ ನಕ್ಕವರು. ಈ ಮುಂಗಾರಿಗೆ ಅವರೇ ಖಾಲಿ ಚೀಲ ಹಿಡಿದು ಬಂದರು. “ಅಕ್ಕಾ, ಆರೂ ಎಕರೆಗೆ ಬೀಜ ಕೊಡ್ರಿ.”

ಮಾಸುಮಬಿ ಒಂದೇ ಎಕರೆಗೆ ಆಗುವಷ್ಟು ಅಳೆದರು. ಸಂಗಮೇಶ್ವರರ ಮುಖ ಸಪ್ಪಗಾಯಿತು. “ನನ್ನ ಮ್ಯಾಲ ನಂಬಿಕಿ ಇಲ್ಲೇನು?”

“ನಂಬಿಕಿ ಭಾಳ ಅದ. ಆದ್ರ ನಿಮ್ಮ ಮಣ್ಣು ನನಗ ಗೊತ್ತಿಲ್ಲ. ನನ್ನ ಮಾತು ಸುಳ್ಳಾದ್ರ ಒಂದ್ ಎಕರೆ ಹೋಗ್ಲಿ, ಆರೂ ಹೋಗಬಾರ್ದು.”

ಆ ಎಕರೆ ಈಗ ಕಾಯಿ ಕಟ್ಟುತ್ತಿದೆ. ದಿನವೂ ಅದನ್ನೂ ಒಂದು ಸುತ್ತು ಹಾಕಿಯೇ ಮಾಸುಮಬಿ ಮನೆಗೆ ಹೋಗುವುದು. ಬೀಜಕ್ಕೆ ಹೆಸರಿಟ್ಟಿದ್ದೀರಾ ಎಂದರೆ ಇಲ್ಲವೆಂದು ತಲೆಯಾಡಿಸುತ್ತಾರೆ.

“ಇನ್ನ ಮೂರು ವರ್ಷ ಬ್ಯಾರೆಯವರ ಹೊಲದಾಗ ನಿಲ್ಲಲಿ ನೋಡ್ರಿ. ಆಮ್ಯಾಲ ಛಲೋ ಬೀಜ ಅಂತ ನಾನೇ ಹೇಳ್ತೀನಿ.”