ತಿಥಿಯ ದಿನದ ಅವಲಕ್ಕಿ

ನಮ್ಮ ಮಕ್ಕಳ ಮನೆ ನಡೆಯುತ್ತಿದ್ದದ್ದು ಸತ್ತವರ ದಯೆಯಿಂದ. ಹೀಗೆ ಹೇಳಿದರೆ ಭಜನಾ ಮಂಡಳಿಯವರಿಗೆ ಸಿಟ್ಟು ಬರುತ್ತಿತ್ತು, ಆದರೆ ಮಾತು ಸುಳ್ಳಲ್ಲ. ತಿರುವನಂತಪುರದ ಕನ್ನಡದ ಮನೆಗಳಲ್ಲಿ ತಂದೆಯದೋ ತಾಯಿಯದೋ ತಿಥಿ ಬಂದರೆ, ಒಂದು ಹೊತ್ತಿನ ಊಟ ನಮ್ಮ ಮಕ್ಕಳಿಗೆ ಎಂಬ ಪದ್ಧತಿ ಬೆಳೆದುಬಂದಿತ್ತು. ಕಳಕ್ಕೂಟಂನ ಐಟಿ ಪಾರ್ಕಿನ ಹುಡುಗ ಹುಡುಗಿಯರು ಹುಟ್ಟುಹಬ್ಬಕ್ಕೆ ಕೇಕ್ ಹಿಡಿದುಕೊಂಡು ಬರುತ್ತಿದ್ದರು, ಮಕ್ಕಳ ಜೊತೆ ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ಕೇಕಿನಿಂದ ಹೊಟ್ಟೆ ತುಂಬುವುದಿಲ್ಲ. ಅನ್ನ, ಪಲ್ಯ, ಪಾಯಸ ಬರುತ್ತಿದ್ದದ್ದು ತಿಥಿಗಳಿಂದಲೇ.

ನಾವು ಕಾಸರಗೋಡಿನವರು. ಕಾಗದದ ಮೇಲೆ ತಿರುವನಂತಪುರ ನಮ್ಮದೇ ರಾಜಧಾನಿ. ಆದರೆ ಗಂಡನಿಗೆ ಅಲ್ಲಿಯ ಕೇಂದ್ರ ಸರ್ಕಾರದ ಕಚೇರಿಗೆ ವರ್ಗವಾಗಿ ರೈಲಿಳಿದ ದಿನದಿಂದ ಹೊರಡುವ ದಿನದವರೆಗೂ ನನಗೆ ಅದು ಪರದೇಶವೇ. ಊರಿನ ಶಾಲೆಯಲ್ಲಿ ಕಲಿಸುತ್ತಿದ್ದವಳು ಅಲ್ಲಿ ಕೆಲಸವಿಲ್ಲದೆ ಕೂತಿದ್ದೆ. ಶನಿವಾರದ ಭಜನೆಗೆ ಸೇರುತ್ತಿದ್ದ ನಾಲ್ಕಾರು ಕುಟುಂಬಗಳಿಗೆ ಒಮ್ಮೆ ಒಳ್ಳೆಯ ಬುದ್ಧಿ ಬಂತು: ದಿಕ್ಕಿಲ್ಲದ ಹೆಣ್ಣುಮಕ್ಕಳಿಗೆ ಒಂದು ಮನೆ ಮಾಡೋಣ ಎಂದು. ಒಳ್ಳೆಯ ಬುದ್ಧಿ ಎಲ್ಲರಿಗೂ ಬಂತು, ಬೆಳಗಿನ ಜಾವ ಎದ್ದು ಹಾಲು ಕಾಯಿಸುವ ಕೆಲಸ ನನಗೊಬ್ಬಳಿಗೆ ಬಂತು. ಚಾಲೈ ಪೇಟೆಯಿಂದ ಅಕ್ಕಿ ಮೂಟೆ ತರಿಸುವುದು, ಹೇನು ತೆಗೆಯುವುದು, ಶಾಲೆಯ ಮೀಟಿಂಗಿಗೆ ಹೋಗಿ ಬೈಸಿಕೊಳ್ಳುವುದು, ಎಲ್ಲ ನನ್ನದೇ. ಎರಡನೇ ವರ್ಷದ ಹೊತ್ತಿಗೆ ನಾನು ಕೂತಲ್ಲೇ ನಿದ್ದೆ ಮಾಡಲು ಕಲಿತಿದ್ದೆ. ಭಜನೆಯ ನಡುವೆ ತೂಗುತ್ತಿದ್ದರೆ ಮಂಡಳಿಯವರು ಭಕ್ತಿ ಎಂದುಕೊಳ್ಳುತ್ತಿದ್ದರು.

ಮಕ್ಕಳೆಲ್ಲ ಮಲಯಾಳಂ ಮಾತಾಡುವವರು. ಕೊರಳಿಗೆ ಶಿಲುಬೆ ಕಟ್ಟಿಕೊಂಡವರಿದ್ದರು, ತಲೆಗೆ ಬಟ್ಟೆ ಹೊದೆಯುವವರಿದ್ದರು, ಏನೂ ಗೊತ್ತಿಲ್ಲದೆ ಬಂದ ಕೂಸುಗಳೂ ಇದ್ದವು. ಸಂಜೆ ದೀಪ ಹಚ್ಚಿದಾಗ ಯಾರು ಯಾರನ್ನು ಬೇಕಾದರೂ ನೆನೆಯಲಿ, ಗಲಾಟೆ ಮಾಡಬಾರದು ಎಂಬುದೊಂದೇ ನನ್ನ ಕಟ್ಟಳೆ. ತಿಥಿಯ ದಿನ ಮಾತ್ರ ಎಲ್ಲರಿಗೂ ಒಂದೇ ಕ್ರಮ. ಊಟ ಕೊಡುವವರು ತಮ್ಮ ತೀರಿಹೋದವರ ಫೋಟೋ ತರುತ್ತಿದ್ದರು. ಅದನ್ನು ದೀಪದ ಪಕ್ಕದ ಸ್ಟೂಲಿನ ಮೇಲಿಟ್ಟು ಹೂ ಹಾಕುವುದು, ಮಕ್ಕಳು ಬಾಯಿಪಾಠ ಮಾಡಿದ ಒಂದು ಕನ್ನಡ ಭಜನೆ ಹಾಡುವುದು, ಕಣ್ಣು ಮುಚ್ಚಿ ಹೋದವರಿಗೆ ಒಳ್ಳೆಯದಾಗಲಿ ಎಂದು ಬೇಡುವುದು, ಆಮೇಲೆ ಎಲೆಯ ಮುಂದೆ ಕೂರುವುದು. ಹಾಡಿನ ಅರ್ಥ ಒಬ್ಬಳಿಗೂ ಗೊತ್ತಿರಲಿಲ್ಲ, ಆದರೆ ಕೇಳುವವರ ಕಣ್ಣು ಒದ್ದೆಯಾಗುತ್ತಿತ್ತು.

ಆ ಹುಡುಗಿ ನಮ್ಮಲ್ಲಿಗೆ ಬಂದಾಗ ಅವಳಿಗೆ ಎಂಟು ತುಂಬಿ ಒಂಬತ್ತು ನಡೆಯುತ್ತಿತ್ತು. ಅವಳ ತಾಯಿ ಕೊಚ್ಚಿಯಲ್ಲಿ ಒಬ್ಬ ಕನ್ನಡದ ಬ್ಯಾಂಕ್ ಅಧಿಕಾರಿಯ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಗಂಡ ಬಿಟ್ಟುಹೋಗಿದ್ದ. ಮನೆಗೆಲಸಕ್ಕೆಂದು ಗಲ್ಫಿಗೆ ಹೋಗುವ ಅವಕಾಶ ಬಂದಾಗ ಮಗಳನ್ನು ಎಲ್ಲಿ ಬಿಡುವುದು ಎಂದು ಅತ್ತಳಂತೆ. ಆ ಮನೆಯಾಕೆ ನನಗೆ ಫೋನ್ ಮಾಡಿದರು. ತಾಯಿಯೇ ರೈಲಿನಲ್ಲಿ ಕರೆತಂದು ಬಿಟ್ಟಳು. ಹೊರಡುವಾಗ ಮಗಳಿಗಲ್ಲ, ನನಗೆ ಹೇಳಿದಳು, "ರಂಡು ಓಣಂ, ಟೀಚರೇ. ಞಾನ್ ವರುಂ." ಎರಡು ಓಣಂ ಕಳೆಯಲಿ, ಬಂದೇ ಬರುತ್ತೇನೆ ಎಂದು. ಪ್ರತಿ ಶುಕ್ರವಾರ, ಅಲ್ಲಿಯವರ ರಜೆಯ ದಿನ, ಅವಳ ಫೋನ್ ಬರುತ್ತಿತ್ತು. ಹುಡುಗಿ ಮಧ್ಯಾಹ್ನದಿಂದಲೇ ಫೋನಿನ ಪಕ್ಕ ಕೂತಿರುತ್ತಿದ್ದಳು.

ಅವಳು ತಿಥಿಯ ಊಟ ಉಣ್ಣುವುದಿಲ್ಲ ಎಂದು ನನಗೆ ಗೊತ್ತಾದದ್ದು ವಕೀಲರ ಹೆಂಡತಿಯ ತಿಥಿಯ ದಿನ. ಅದಕ್ಕೆ ಮೊದಲು ಹೇಗೋ ಎಲೆಯಲ್ಲಿ ಕೈಯಾಡಿಸಿ ತಪ್ಪಿಸಿಕೊಂಡಿದ್ದಳು. ವಕೀಲರು ನಮ್ಮ ಮಂಡಳಿಯ ಹಿರಿಯರು, ಸರ್ಕಾರದ ಪರ ವಾದ ಮಾಡಿ ನಿವೃತ್ತರಾದವರು, ನಮ್ಮ ಕಡೆಯವರೇ. ಬಡಿಸುವಾಗ ತಾವೇ ಪಂಕ್ತಿಯಲ್ಲಿ ಓಡಾಡುತ್ತಿದ್ದರು. ಅವತ್ತು ಹೂರಣದ ಉಂಡೆ ಕರಿದು ಮಾಡಿದ ಸುಕ್ರುಂಡೆಯ ಪಾತ್ರೆ ಹಿಡಿದು ಬಂದಿದ್ದರು. ಚಾಯ್ ಅಂಗಡಿಯ ಸುಖಿಯನ್ ಇದೇ ಅಲ್ಲವೇ ಎಂದು ಮಕ್ಕಳು ಕುಣಿಯುತ್ತಿದ್ದವು. ಈ ಹುಡುಗಿ ಮಾತ್ರ ಎಲೆ ಮಡಚಿ ಎದ್ದು ಹೋದಳು.

"ಟೀಚರೇ, ಅದು ಎಂತಕ್ಕೆ ಎದ್ದು ಹೋದದ್ದು?" ಎಂದರು ವಕೀಲರು.

"ಹೊಟ್ಟೆನೋವಂತೆ," ಎಂದೆ.

"ನಮ್ಮವಳಿಗೆ ಸುಕ್ರುಂಡೆ ಅಂದ್ರೆ ಜೀವ. ಒಂದು ಮಗು ಎಲೆ ಬಿಟ್ಟು ಎದ್ದು ಹೋದ್ರೆ ಅವಳಿಗೆ ಮುಟ್ಟುದುಂಟಾ?" ಖಾಲಿಯಾದ ಆ ಜಾಗದ ಮುಂದೆ ಪಾತ್ರೆ ಹಿಡಿದೇ ನಿಂತಿದ್ದರು. ಅವರನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ.

ಎಲ್ಲ ಹೋದ ಮೇಲೆ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದ ಅವಳ ಪಕ್ಕ ಹೋಗಿ ಕೂತೆ. ಬೈದೆ, ಮುದ್ದು ಮಾಡಿದೆ, ಮತ್ತೆ ಬೈದೆ. ಕೊನೆಗೆ ಬಾಯಿ ಬಿಟ್ಟಳು. "ಎನ್ಟೆ ಅಮ್ಮ ಮರಿಚ್ಚಿಟ್ಟಿಲ್ಲ, ಟೀಚರ್." ನನ್ನ ಅಮ್ಮ ಸತ್ತಿಲ್ಲ. ಅವಳ ಲೆಕ್ಕ ಹೀಗಿತ್ತು: ಫೋಟೋ ಇಟ್ಟು ಹಾಕುವ ಊಟವನ್ನು ಇಲ್ಲಿ ಯಾರೆಲ್ಲ ಉಣ್ಣುತ್ತಾರೋ ಅವರಿಗೆ ಯಾರಿಗೂ ಅಮ್ಮ ಇಲ್ಲ. ಅವಳಿಗೆ ಇದ್ದಾಳೆ. ಆದ್ದರಿಂದ ಆ ಊಟ ಅವಳದಲ್ಲ. ಉಂಡರೆ ಅವಳೂ ಆ ಸಾಲಿಗೆ ಸೇರಿದ ಹಾಗೆ.

ತಂದೆ ಬದುಕಿರುವವರು ಎಳ್ಳುನೀರು ಬಿಡುವ ಹಾಗಿಲ್ಲ ಎಂದು ನಮ್ಮಲ್ಲೂ ಉಂಟಲ್ಲ. ಆ ಮಗುವಿಗೆ ಯಾರೂ ಹೇಳಿಕೊಡದೆ ಅದೇ ಹೊಳೆದಿತ್ತು. ಮರುದಿನ ವಕೀಲರ ಮನೆಗೆ ಹೋಗಿ ಇದನ್ನೇ ವಾದ ಮಾಡಿದೆ. ಅವರು ಕಣ್ಣು ಮುಚ್ಚಿ ಕೇಳಿದರು. "ನೀವು ಹೇಳುವುದರಲ್ಲಿ ಪಾಯಿಂಟ್ ಉಂಟು. ಆದ್ರೆ ಎಳ್ಳುನೀರು ಬೇರೆ, ಊಟ ಬೇರೆ ಟೀಚರೇ," ಎಂದು ತೀರ್ಪು ಕೊಟ್ಟರು.

ಇನ್ನು ಅವಳಿಗೆ ಬೇರೆ ಅನ್ನ ಮಾಡಿ ಹಾಕೋಣವೆಂದರೆ ಅದೂ ಆಗದು. ತಿಥಿಯ ದಿನ ಅವರ ಅಡುಗೆಯವರೇ ಬಂದು ನಮ್ಮ ಅಡುಗೆಮನೆ ಹಿಡಿಯುತ್ತಿದ್ದರು. ಮಡಿ ಎಂದರೆ ಮಡಿ, ಆ ಒಲೆಯ ಮೇಲೆ ಬೇರೆ ಪಾತ್ರೆ ಏರುವಂತಿಲ್ಲ. ಬೆಂಕಿ ಬೇಡದ ತಿಂಡಿ ನನಗೆ ತಿಳಿದಿದ್ದದ್ದು ಒಂದೇ. ತೆಳು ಅವಲಕ್ಕಿಗೆ ತೆಂಗಿನಕಾಯಿ ತುರಿ, ಬೆಲ್ಲ, ಒಂದು ಚೂರು ಏಲಕ್ಕಿ ಹಾಕಿ ಬೆರೆಸಿ, ಬಟ್ಟಲಲ್ಲಿಟ್ಟು ತಟ್ಟೆ ಮುಚ್ಚಿ, ಹಿತ್ತಲ ಕಿಟಕಿಯ ಮೇಲೆ ಇಡುತ್ತಿದ್ದೆ. ಪಂಕ್ತಿ ನಡೆಯುವಾಗ ಅವಳು ಮೆಟ್ಟಿಲ ಮೇಲೆ ಕೂತು ಅದನ್ನು ತಿನ್ನುತ್ತಿದ್ದಳು.

ಆಮೇಲೆ ಶುಕ್ರವಾರದ ಫೋನ್ ನಿಂತಿತು. ಒಂದು ವಾರ, ಎರಡು ವಾರ ಎಂದು ಸಮಾಧಾನ ಹೇಳಿಕೊಂಡೆವು. ತಾಯಿ ಕೊಟ್ಟಿದ್ದ ನಂಬರಿಗೆ ಮಾಡಿದರೆ ಯಾರೋ ಅರಬಿಯಲ್ಲಿ ಏನೋ ಹೇಳಿ ಇಟ್ಟುಬಿಡುತ್ತಿದ್ದರು. ಬೇಸಿಗೆ ರಜೆಯಲ್ಲಿ ಹುಡುಗಿಯನ್ನು ಕರೆದುಕೊಂಡು ಕೊಚ್ಚಿಗೆ ಹೋದೆ. ಬ್ಯಾಂಕಿನವರಿಗೆ ಹುಬ್ಬಳ್ಳಿಗೆ ವರ್ಗವಾಗಿತ್ತು. ತಾಯಿ ಬಾಡಿಗೆಗಿದ್ದ ಕೋಣೆಯ ಅಕ್ಕಪಕ್ಕದವರಿಗೆ ಗೊತ್ತಿದ್ದದ್ದು ಇಷ್ಟೇ, ಅವಳನ್ನು ಕಳಿಸಿದ ಏಜೆಂಟ್ ಆಲುವದಲ್ಲಿದ್ದ ಎಂದು. ಬಸ್ಸು ಹಿಡಿದು ಆಲುವಕ್ಕೆ ಹೋದೆವು. ಸ್ಟೇಷನ್ ಹತ್ತಿರದ ಕಟ್ಟಡದಲ್ಲಿ ಏಜೆಂಟನ ಆಫೀಸಿದ್ದ ಜಾಗದಲ್ಲಿ ಮೊಬೈಲ್ ರೀಚಾರ್ಜ್ ಅಂಗಡಿ ಇತ್ತು. ನಿಮ್ಮ ಹಾಗೆ ಕೇಳಿಕೊಂಡು ಬರುವವರು ಬಹಳ ಜನ ಎಂದ ಅಂಗಡಿಯವನು, ಮುಖ ಎತ್ತದೆ.

ವಾಪಸು ರೈಲಿಗೆ ಕಾಯುವಾಗ ಅವಳಿಗೆ ಪಳಂಪೊರಿ ಕೊಡಿಸಿದೆ. ಬಾಳೆಹಣ್ಣಿನ ಆ ಬಿಸಿ ಬಜ್ಜಿಯನ್ನು ಊದಿ ಊದಿ ತಿಂದಳು. ತಿಂದಾದ ಮೇಲೆ ಕೇಳಿದಳು, ಅಮ್ಮ ಇಲ್ಲಿ ಸಿಗಲಿಲ್ಲ ಅಂದರೆ ಗಲ್ಫಲ್ಲೇ ಇದ್ದಾಳೆ ಅಂತ ಅಲ್ಲವಾ ಟೀಚರ್ ಎಂದು. ಹೌದು ಎಂದೆ. ನನ್ನ ಗಂಡ ಆಮೇಲೆ ಗೊತ್ತಿದ್ದವರನ್ನೆಲ್ಲ ಹಿಡಿದು ಅರ್ಜಿಯ ಮೇಲೆ ಅರ್ಜಿ ಹಾಕಿದರು. ಒಂದಕ್ಕೂ ಉತ್ತರ ಬರಲಿಲ್ಲ.

ಎರಡನೇ ಓಣಂ ಬಂತು. ಹುಡುಗಿ ಹೊಸ ಲಂಗ ಹಾಕಿಕೊಂಡು, ತನ್ನ ಬ್ಯಾಗು ತುಂಬಿಕೊಂಡು, ಬೆಳಿಗ್ಗೆಯಿಂದ ಗೇಟಿನ ಹತ್ತಿರ ನಿಂತಳು. ಉಳಿದವರು ಅಂಗಳದಲ್ಲಿ ಹೂವಿನ ರಂಗೋಲಿ ಹಾಕಿ ಮುಗಿಸಿ, ಹಬ್ಬದೂಟ ಉಂಡು, ಉಯ್ಯಾಲೆಯಾಡಿ ದಣಿದು ಬಂದರೂ ಅವಳು ಅಲ್ಲೇ ಇದ್ದಳು. ಸಂಜೆ ನಾನೇ ಬ್ಯಾಗು ಎತ್ತಿಕೊಂಡು ಒಳಗೆ ಬಂದೆ, ಅವಳು ಹಿಂದೆ ಬಂದಳು.

ಓಣಂನ ಬೆನ್ನಿಗೇ ಪಿತೃಪಕ್ಷ. ನಮ್ಮವರು ಒಂದು ದಿನವೂ ಖಾಲಿ ಬಿಡದೆ ಊಟ ಹೇಳಿದ್ದರು. ನಮ್ಮ ಅಡುಗೆಯ ಚೇಚಿ, ನಿಮ್ಮವರಿಗೆ ಹದಿನೈದು ದಿನವೂ ವಾವೇ ಎಂದು ಬಾಯಿಗೆ ಕೈಯಿಟ್ಟಳು. ಮಲಯಾಳಿಗಳಿಗೆ ಕರ್ಕಿಡಕ ತಿಂಗಳ ಒಂದು ಅಮಾವಾಸ್ಯೆಯಲ್ಲಿ, ಆ ವಾವಿನ ದಿನ, ಹಿರಿಯರ ಕಾರ್ಯವೆಲ್ಲ ಮುಗಿಯುತ್ತದೆ. ನನ್ನ ಗಂಡ, "ನಮ್ಮ ಮನೇಲಿ ತಿಥಿ ಇಲ್ಲದ ದಿನ ಯಾವುದುಂಟು ಮಾರಾಯ್ತಿ?" ಎಂದು ನಗುತ್ತಿದ್ದರು. ನಗಲು ನನಗೆ ತ್ರಾಣವಿರಲಿಲ್ಲ. ಹುಡುಗಿ ಈಗ ಮೊದಲಿಗಿಂತ ಹಟ ಹಿಡಿದಿದ್ದಳು. ಒಲೆ ನಮಗೆ ಸಿಕ್ಕ ಮೇಲೆ ರಾತ್ರಿ ನಾವೇ ಮಾಡುವ ಗಂಜಿಯನ್ನೂ ನಂಬದೆ, ಮಧ್ಯಾಹ್ನದ್ದು ಬೆರೆಸಿದ್ದೀರಾ ಎಂದು ಮೂಸಿ ನೋಡುತ್ತಿದ್ದಳು. ಅವಲಕ್ಕಿ ತಿಂದು ತಿಂದು ಸೊರಗಿದಳು. ಒಂದು ದಿನ ಶಾಲೆಯ ಪ್ರಾರ್ಥನೆಯಲ್ಲಿ ತಲೆ ಸುತ್ತಿ ಬಿದ್ದಳು. ಮಕ್ಕಳಿಗೆ ಊಟ ಹಾಕುವುದಿಲ್ಲವೇ ಎಂದು ಹೆಡ್ ಟೀಚರ್ ನನ್ನನ್ನು ಎಲ್ಲರೆದುರು ಕೇಳಿದರು.

ಆ ಶನಿವಾರ ಭಜನೆಯಾದ ಮೇಲೆ ಮಂಡಳಿಯಲ್ಲಿ ಮಾತು ಎದ್ದಿತು. ವಕೀಲರೇ ಎತ್ತಿದರು. "ಅವಳನ್ನು ಬೇರೆ ಎಲ್ಲಿಗಾದ್ರೂ ಸೇರಿಸುವ. ತಿಥಿ ಇಲ್ಲದ ಜಾಗ ಬೇಕಾದಷ್ಟುಂಟು. ಇಲ್ಲಿ ಅವಳಿಗೂ ಕಷ್ಟ, ನಮಗೂ ಮನಸ್ಸಿಗೆ ಸರಿಯಾಗುದಿಲ್ಲ."

"ಹಾಗಾದ್ರೆ ನಾನೂ ಅವಳ ಜೊತೆಗೇ ಹೋಗ್ತೇನೆ. ನಾಳೆಯಿಂದ ಹಾಲು ಕಾಯಿಸ್ಲಿಕ್ಕೆ ಯಾರು ಬರ್ತೀರಿ, ಹೇಳಿ," ಎಂದೆ.

ಮಾತು ಅಲ್ಲಿಗೆ ನಿಂತಿತು. ಆದರೆ ವಕೀಲರು ಹೇಳಿದ್ದು ಪೂರ್ತಿ ತಪ್ಪೂ ಅಲ್ಲ ಎಂದು ನನಗೇ ಅನಿಸುತ್ತಿತ್ತು. ನಾನು ದಣಿದಿದ್ದೆ. ಒಂದು ಮಗುವಿನ ಹೊಟ್ಟೆಯ ಸುತ್ತ ನನ್ನ ದಿನವೆಲ್ಲ ತಿರುಗುತ್ತಿತ್ತು. ಅವತ್ತು ಎಲ್ಲರೂ ಹೋದ ಮೇಲೆ, ಇನ್ನೂ ಉರಿಯುತ್ತಿದ್ದ ದೀಪದ ಮುಂದೆ ಕೂತು ಕೇಳಿಕೊಂಡೆ. ಅವಳ ತಾಯಿ ಬರಲಿ ಎಂದು ಕೇಳಿ ಕೇಳಿ ನನಗೆ ಸಾಕಾಗಿತ್ತು. ಅದು ಬೇಡ, ಈ ಹುಡುಗಿ ಎಲ್ಲರ ಜೊತೆ ಕೂತು ಒಂದು ಹೊತ್ತು ಹೊಟ್ಟೆ ತುಂಬ ಉಣ್ಣುವ ಹಾಗೆ ಮಾಡು, ಊರಿಗೆ ಬಂದಾಗ ಹೂವಿನ ಪೂಜೆ ಮಾಡಿಸುತ್ತೇನೆ ಎಂದು ಹರಕೆ ಹೊತ್ತೆ.

ಆಮೇಲೆ ಏನಾಯಿತು ಎಂದರೆ, ಏನೂ ಆಗಲಿಲ್ಲ. ಪಿತೃಪಕ್ಷ ಮುಗಿಯಿತು, ನವರಾತ್ರಿ ಕಳೆಯಿತು, ತುಲಾ ಮಾಸದ ಹಿಂಗಾರು ಮಳೆಯ ಗುಡುಗು ಶುರುವಾಯಿತು. ಫೋನ್ ಬರಲಿಲ್ಲ, ಅಷ್ಟೇ. ಶುಕ್ರವಾರಗಳಂದು ಹುಡುಗಿ ಫೋನಿನ ಹತ್ತಿರ ಕೂರುವುದನ್ನು ಯಾವಾಗ ಬಿಟ್ಟಳೋ ನಾನು ಗಮನಿಸಲೇ ಇಲ್ಲ. ಮನೆ ತುಂಬ ಮಕ್ಕಳು, ಯಾರಿಗೋ ಜ್ವರ, ಯಾರಿಗೋ ಪರೀಕ್ಷೆ.

ಮತ್ತೆ ವಕೀಲರ ಹೆಂಡತಿಯ ತಿಥಿ ಬಂತು. ಎಂದಿನ ಹಾಗೆ ಬೆಳಿಗ್ಗೆಯೇ ಅವಲಕ್ಕಿ ಬೆರೆಸಿ ಕಿಟಕಿಯ ಮೇಲಿಟ್ಟೆ. ಭಜನೆ ಆಯಿತು, ಎಲೆ ಹಾಕಿದರು. ನಾನು ಉಪ್ಪು ಬಡಿಸುತ್ತಾ ಬರುತ್ತಿದ್ದವಳು ನೋಡುತ್ತೇನೆ, ಸಾಲಿನ ಕೊನೆಯಲ್ಲಿ ಹುಡುಗಿ ಕೂತಿದ್ದಾಳೆ. ಎಲೆಗೆ ನೀರು ಚಿಮುಕಿಸಿ, ಒರೆಸಿ, ಕೈ ಮಡಚಿಕೊಂಡು ಕಾಯುತ್ತಿದ್ದಾಳೆ. ಅನ್ನ ಬಂತು, ಕಲಸಿದಳು. ಉಂಡಳು. ಅವಸರವಿಲ್ಲ, ಅಳುವಿಲ್ಲ, ಯಾರ ಮುಖವನ್ನೂ ನೋಡಲಿಲ್ಲ. ವಕೀಲರು ಸುಕ್ರುಂಡೆ ಹಾಕಿದರೆ ಅದನ್ನೂ ತಿಂದಳು. ಇನ್ನೊಂದು ಬೇಕಾ ಎಂದರೆ ಹೂಂ ಎಂದು ತಲೆಯಾಡಿಸಿದಳು.

ವಕೀಲರು ಪಾತ್ರೆ ಹಿಡಿದುಕೊಂಡೇ ನನ್ನ ಹತ್ತಿರ ಓಡಿಬಂದರು. "ನೋಡಿದ್ರಾ ಟೀಚರೇ? ದೇವರು ದೊಡ್ಡವ. ಅಂತೂ ದಾರಿಗೆ ಬಂತು ಕೂಸು." ಕಣ್ಣಲ್ಲಿ ನೀರು. ಮಂಡಳಿಯ ಹೆಂಗಸರು ಅವಳ ಕೆನ್ನೆ ಸವರಿದರು. ನಾನು ಬೇಡಿದ್ದು ಅಕ್ಷರಕ್ಕೆ ಅಕ್ಷರ ನಡೆದಿತ್ತು. ನನ್ನ ಕೈಯಲ್ಲಿ ಉಪ್ಪಿನ ಬಟ್ಟಲು, ಎಲ್ಲಿಯವರೆಗೆ ಬಡಿಸಿದ್ದೆ ಎಂಬುದೇ ಮರೆತುಹೋಗಿತ್ತು. ಅವಳು ಎಲೆ ಎತ್ತಿಕೊಂಡು ಉಳಿದವರ ಹಿಂದೆ ಸಾಲಿನಲ್ಲಿ ಹೋದಳು.

ಕೊನೆಯ ಪಂಕ್ತಿಯಲ್ಲಿ ವಕೀಲರು ನನ್ನನ್ನೂ ಕರೆದರು. ನನಗೆ ಇವತ್ತು ಉಪವಾಸ ಎಂದೆ. "ಎಂತ ಉಪವಾಸ? ಏಕಾದಶಿ ನಾಳಿದ್ದಲ್ವಾ?" ಎಂದರು. ಪಂಚಾಂಗ ಅವರಿಗೆ ಬಾಯಿಪಾಠ. ನಾನು ಉಪ್ಪಿನ ಬಟ್ಟಲು ಎತ್ತಿಕೊಂಡು ಒಳಗೆ ಹೋದೆ.

ಹರಕೆಯ ಹೂವಿನ ಪೂಜೆಯನ್ನು ನಾನು ಇನ್ನೂ ಮಾಡಿಸಿಲ್ಲ. ಅವತ್ತು ಎಲ್ಲರೂ ಪಾತ್ರೆ ಪರಡಿ ಕಟ್ಟಿಕೊಂಡು ಹೋದ ಮೇಲೆ ಹಿತ್ತಲಿಗೆ ಬಂದೆ. ಕಿಟಕಿಯ ಮೇಲೆ ಬಟ್ಟಲು ಹಾಗೆಯೇ ಇತ್ತು, ಮುಚ್ಚಿದ ತಟ್ಟೆಯನ್ನು ಯಾರೂ ತೆಗೆದಿರಲಿಲ್ಲ. ಮೆಟ್ಟಿಲ ಮೇಲೆ ಅವಳು ಕೂರುತ್ತಿದ್ದ ಜಾಗದಲ್ಲಿ ಕೂತು ಆ ಅವಲಕ್ಕಿಯನ್ನು ನಾನೇ ತಿಂದೆ. ಅವಳ ಅಮ್ಮ ಸತ್ತಿಲ್ಲ ಎಂದು ಆ ಮನೆಯಲ್ಲಿ ಒಬ್ಬರಾದರೂ ತಿಥಿಯೂಟ ಬಿಡಬೇಕಲ್ಲ.